ಇಸ್ಕೊ ಫಾಲ್ಸ್ ಹಬೆ ಮಂಡಳಿಯ ಅಧಿಕೃತ ನಕ್ಷೆ

ಅಕ್ಟೋಬರ್ ಮೂರನೆಯ ತಾರೀಕು ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಇಸ್ಕೊ ಫಾಲ್ಸ್ ಪಟ್ಟಣದ ಹಬೆ ಮಂಡಳಿಯು ಮೂರು ವರ್ಷಗಳ ಕೆಲಸವನ್ನು ಒಂದೂ ಮೊಳೆ ಹೊಡೆಯದೆ ಪೂರೈಸಿತು. ಇದು ಮಂಡಳಿಯ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆ. ದಾಖಲಾಗಿರುವುದರಿಂದ ನಿಜ.

ನಾನು ಆ ಮಂಡಳಿಯಲ್ಲಿ ಪೈಪು ರಿಪೇರಿ ಮಾಡುವವನು, ಹೆಸರು ವರ್ನ್. ಉತ್ತರ ಮಿನೆಸೋಟದ ನಮ್ಮ ಊರಿನ ನಾನೂರ ಹನ್ನೆರಡು ಮನೆಗಳಲ್ಲಿ ಯಾರೂ ಒಲೆ ಹಚ್ಚಿ ಮನೆ ಕಾಯಿಸುವುದಿಲ್ಲ. ಗಣಿಯ ಕಾಲದ ದೊಡ್ಡ ಬಾಯ್ಲರಿನಿಂದ ಹಬೆ ಹೊರಟು ನೆಲದಡಿಯ ಪೈಪುಗಳಲ್ಲಿ ಹರಿದು ಎಲ್ಲರ ಮನೆಯ ರೇಡಿಯೇಟರಿಗೆ ಬರುತ್ತದೆ. ಯಾವ ಬೀದಿಗೆ ಎಷ್ಟು ಹಬೆ ಎಂಬುದನ್ನು ಮಂಡಳಿ ಕಚೇರಿಯ ನೆಲಮಾಳಿಗೆಯಲ್ಲಿ, ಮೆಟ್ಟಿಲಿನ ಕೆಳಗೆ ಇಟ್ಟಿರುವ ಒಂದು ಕಂಪ್ಯೂಟರು ನಿರ್ಧರಿಸುತ್ತದೆ. ಅದು ೧೯೯೮ರಲ್ಲಿ ಬಂದದ್ದು. ಬಂದಾಗ ಬಿಳಿಯಾಗಿತ್ತು, ಈಗ ಬೀಡಿ ಸೇದುವವನ ಹಲ್ಲಿನ ಬಣ್ಣ. ಅದು ಬಂದ ವರ್ಷವೇ ವಾಲ್ವುಗಳನ್ನು ಕೈಯಲ್ಲಿ ತಿರುಗಿಸುವ ಚಕ್ರಗಳನ್ನೆಲ್ಲ ಬಿಚ್ಚಿ ಗುಜರಿಗೆ ಹಾಕಲಾಯಿತು. ಹಾಗಾಗಿ ಅದು ನಿಂತರೆ ಹಬೆ ನಿಂತಂತೆ. ಅದನ್ನು ನಡೆಸುವವಳು ಆರ್ಡಿಸ್ ಕೊಸ್ಕಿ, ವಯಸ್ಸು ಅರವತ್ಮೂರು. ಯಂತ್ರದ ಮೇಲೆ ಅವಳದೇ ಅಕ್ಷರದ ಚೀಟಿ: "ಮುಟ್ಟಿದರೆ ಕೈ ಮುರಿಯುತ್ತೇನೆ. ಇಂತಿ, ಆರ್ಡಿಸ್."

ಹೋದ ವರ್ಷ ಬೇಸಿಗೆಯಲ್ಲಿ ವಿಮಾ ಕಂಪನಿಯಿಂದ ಒಂದು ಕಾಗದ ಬಂತು. ನಿಮ್ಮಲ್ಲಿರುವ ಕಂಪ್ಯೂಟರುಗಳು ಯಾವುವು, ಎಲ್ಲಿವೆ, ಯಾವುದರಿಂದ ಯಾವುದಕ್ಕೆ ತಂತಿ ಹೋಗಿದೆ, ಎಲ್ಲವನ್ನೂ ತೋರಿಸುವ ನಕ್ಷೆಯನ್ನು ಎರಡು ಪ್ರತಿಯಲ್ಲಿ ಕಳುಹಿಸಿ ಎಂದು. ನಕ್ಷೆ ಇರಲಿಲ್ಲ. ಎಲ್ಲವೂ ಆರ್ಡಿಸ್ ತಲೆಯಲ್ಲಿತ್ತು. ತಲೆಯನ್ನು ಎರಡು ಪ್ರತಿಯಲ್ಲಿ ಲಗತ್ತಿಸಲು ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ ಮಿನಿಯಾಪೊಲಿಸ್‌ನಿಂದ ಗ್ರಾಂಟ್ ವಿನ್‌ಸ್ಲೊ ಎಂಬ ವಾಸ್ತುಶಿಲ್ಪಿಯನ್ನು ಕರೆಸಲಾಯಿತು. ಅವರು ಇಟ್ಟಿಗೆ ಮುಟ್ಟಿದವರಲ್ಲ, ಕಂಪ್ಯೂಟರು ವ್ಯವಸ್ಥೆಯ ವಾಸ್ತುಶಿಲ್ಪಿ. ಆರು ವಾರ ಊರಲ್ಲೇ ಇದ್ದು ಕಚೇರಿಯ ಪ್ರತಿಯೊಬ್ಬರನ್ನೂ "ಮೂರು ವರ್ಷದ ನಂತರ ನಿಮ್ಮ ಕನಸೇನು?" ಎಂದು ಕೇಳಿ ಬರೆದುಕೊಂಡರು. ನಾನು "ಊಟದ ಬಿಡುವು" ಅಂದೆ. ಅದನ್ನೂ ಬರೆದುಕೊಂಡರು.

ಅವರ ವೃತ್ತಿಯಲ್ಲಿ ಯಾವಾಗಲೂ ಎರಡು ನಕ್ಷೆ ಬರೆಯುವುದು ಪದ್ಧತಿ. ಒಂದರ ತಲೆಬರಹ "ಇಂದಿನ ಸ್ಥಿತಿ." ಇನ್ನೊಂದರದು "ಮೂರು ವರ್ಷದ ನಂತರದ ಸ್ಥಿತಿ." ಮೊದಲನೆಯದರಲ್ಲಿ ಒಂದು ಮೆಟ್ಟಿಲು, ಅದರ ಕೆಳಗೆ ಒಂದು ಚೌಕ, ಚೌಕದಿಂದ ಹೊರಟ ಹದಿನೇಳು ತಂತಿ ಇದ್ದವು. ಅವುಗಳಲ್ಲಿ ಒಂದು ಎಲ್ಲಿಗೆ ಹೋಗುತ್ತದೆಂದು ಆರ್ಡಿಸ್‌ಗೂ ಗೊತ್ತಿರಲಿಲ್ಲ, ಆದರೆ ಅದನ್ನು ಕಿತ್ತರೆ ಕೆಲಸ ನಿಲ್ಲುತ್ತದೆಂದು ಗೊತ್ತಿತ್ತು. ಎರಡನೆಯ ನಕ್ಷೆ ನೀಲಿ ಬಣ್ಣದ್ದು. ಪೂರ್ವ ಸರ್ವರ್ ಕೋಣೆ, ಪಶ್ಚಿಮ ಸರ್ವರ್ ಕೋಣೆ, ಒಂದು ಕೆಟ್ಟರೆ ಇನ್ನೊಂದು, ಎರಡರಲ್ಲೂ ಸೇರಿ ಹದಿನಾಲ್ಕು ಸಾಲು ಯಂತ್ರಗಳು, ಮೇಲ್ಗಡೆ ಕ್ಲೌಡ್ ಎಂಬ ಒಂದು ಮೋಡ. ನೋಡಿದರೆ ಮುದ್ದಾಡಬೇಕು ಅನ್ನಿಸುವಂತಿತ್ತು.

ಮಂಡಳಿಯ ಅಧ್ಯಕ್ಷ ಲೈಲ್ ಪ್ರೆಬಿಚ್, ಊರಲ್ಲಿ ಟ್ರಕ್ಕು ಮಾರುವ ಅಂಗಡಿ ಇಟ್ಟವರು, ಎರಡು ನಕ್ಷೆಗಳನ್ನೂ ಮೇಜಿನ ಮೇಲೆ ಹರಡಿದರು.

"ವಿನ್‌ಸ್ಲೊ ಅವರೇ, ವಿಮೆಯವರಿಗೆ ಯಾವುದು ಹಿಡಿಸುತ್ತೆ?"

"ನೀಲಿದು ಸರ್. ಅದಿದ್ರೆ ನಿಮ್ಮ ಕಂತು ಅರ್ಧಕ್ಕರ್ಧ ಇಳಿಯುತ್ತೆ."

"ಅದನ್ನ ಕಟ್ಟೋಕೆ ಎಷ್ಟು ದಿನ?"

"ಮೂರು ವರ್ಷ ಸರ್."

"ಇನ್ನೊಂದಕ್ಕೆ?"

"ಅದು ಈಗಾಗಲೇ ಇದೆಯಲ್ಲ ಸರ್."

"ಅದಕ್ಕೇ ಅದರ ಮುಖ ಹಂಗಿದೆ," ಎಂದು ಲೈಲ್ ಎರಡೂ ಹಾಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡರು. "ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಇದು ಇಂದಿನದು, ಇದು ಮುಂದಿನದು ಅಂತ ನಮಗೆ ಹೇಳ್ತಿರೋದು ಈ ತಲೆಬರಹ ತಾನೆ?"

ವಿನ್‌ಸ್ಲೊ ಎರಡೂ ತಲೆಬರಹಗಳ ಮೇಲೆ ಬೆರಳಾಡಿಸಿ ನೋಡಿದರು. "ತಾಂತ್ರಿಕವಾಗಿ ನೋಡಿದ್ರೆ, ಹೌದು ಸರ್."

"ನಮ್ಮ ಜನ ಯಾಕೆ ಮೂರು ವರ್ಷ ಕಾಯಬೇಕು? ಅದಲು ಬದಲು ಮಾಡಿ."

ಒಂದು ನಿಮಿಷದ ಕೆಲಸ. ಆಗ ಹೊರಬಿದ್ದದ್ದು ಠರಾವು ನಲವತ್ತೊಂದು:

"ಈ ಮೂಲಕ ಸಮಸ್ತ ಗ್ರಾಹಕರಿಗೆ ತಿಳಿಯಪಡಿಸುವುದೇನೆಂದರೆ, ನೀಲಿ ನಕ್ಷೆಯು ಮಂಡಳಿಯ ಇಂದಿನ ಸ್ಥಿತಿಯಾಗಿರುತ್ತದೆ. ಮೆಟ್ಟಿಲಿನ ನಕ್ಷೆಯು ಮೂರು ವರ್ಷದ ನಂತರದ ಸ್ಥಿತಿಯಾಗಿರುತ್ತದೆ. ಇಂದಿನ ನಕ್ಷೆಯಲ್ಲಿ ಇರುವುದೆಲ್ಲವೂ ಇರುತ್ತದೆ. ಸದರಿ ನಕ್ಷೆಯಲ್ಲಿ ಇಲ್ಲದ ಯಾವುದೇ ಯಂತ್ರವು ಚಾಲನೆಯಲ್ಲಿ ಕಂಡುಬಂದಲ್ಲಿ ಜನವರಿ ಹದಿನೈದರೊಳಗೆ ಅದರ ಪ್ಲಗ್ಗನ್ನು ಕೀಳತಕ್ಕದ್ದು. ಇದರಿಂದ ಅನಾನುಕೂಲ ಆಗುವವರು ಯಾರೂ ಇರುವುದಿಲ್ಲ."

ಸರ್ವಾನುಮತ. ಕಾಫಿಯೊಂದಿಗೆ ಅಕ್ರೋಟು ತುಂಬಿದ ಪೊಟಿಟ್ಸಾ ಎಂಬ ಸಿಹಿ ರೊಟ್ಟಿ ಹಂಚಲಾಯಿತು. ಮುಗಿದ ಕೆಲಸಕ್ಕೆ, ಮುಗಿಸಿದವರಿಗೆ ಸಲ್ಲಬೇಕಾದದ್ದು ಸಂದಿತು. ಹಣ ಸಂದವರ ಪಟ್ಟಿಯಲ್ಲಿ ಲೈಲ್ ಅವರ ಅಂಗಡಿಯ ಎರಡು ಟ್ರಕ್ಕುಗಳೂ ಇದ್ದವು, ಹದಿನಾಲ್ಕು ಸಾಲು ಯಂತ್ರಗಳನ್ನು ಸಾಗಿಸಿದ್ದಕ್ಕಾಗಿ.

ಪೂರ್ವ ಸರ್ವರ್ ಕೋಣೆ ನಕ್ಷೆಯ ಪ್ರಕಾರ ಪೊರಕೆ ಇಡುವ ಗೂಡಿನಲ್ಲಿ ಬಂತು. ಅದರಿಂದ ತೊಂದರೆಯಾಗಲಿಲ್ಲ, ಬಾಗಿಲಿಗೆ ರಿಬ್ಬನ್ನು ಕಟ್ಟಿ ಕತ್ತರಿಸಿ ಪೊರಕೆಗಳನ್ನು ಒಳಗೇ ಬಿಟ್ಟರು. ಪಶ್ಚಿಮ ಸರ್ವರ್ ಕೋಣೆ ಮಾತ್ರ ಹೊರಗೆ, ನಾವು ಕಾರು ನಿಲ್ಲಿಸುವ ಬಯಲಿನ ನಟ್ಟನಡುವೆ ಬಂತು. ನಾಲ್ಕು ಗೋಡೆಗೆ ನಾಲ್ಕು ಹಳದಿ ಗೆರೆ ಎಳೆದು, ಬಾಗಿಲು ಬರುವ ಕಡೆ ಒಂದು ಕಂಬ ನೆಟ್ಟು ಕಾರ್ಡು ತೋರಿಸುವ ಪೆಟ್ಟಿಗೆ ಕೂರಿಸಿದರು. ಜನ ಕಾರ್ಡು ತೋರಿಸಿ, ಶೂ ಒರೆಸಿಕೊಂಡು, ಗೆರೆ ದಾಟಿ ಒಳಗೆ ಹೋಗಿ, ಆ ಕಡೆ ಬಾಗಿಲಿಲ್ಲದ್ದರಿಂದ ಮತ್ತೆ ಇದೇ ಬಾಗಿಲಿಂದ ಹೊರಗೆ ಬರುತ್ತಿದ್ದರು. ಲೈಲ್ ಅವರ ಭಾವಮೈದುನ ಗೊತ್ತಿಲ್ಲದೆ ಅಲ್ಲಿ ಟ್ರಕ್ಕು ನಿಲ್ಲಿಸಿದ್ದಕ್ಕೆ, ಅನುಮತಿಯಿಲ್ಲದೆ ಸರ್ವರ್ ಕೋಣೆಗೆ ನುಗ್ಗಿದ ಆರೋಪದ ಮೇಲೆ ಟ್ರಕ್ಕನ್ನು ಎಳೆದೊಯ್ದರು. ಅವನು ಕಚೇರಿಗೆ ಬಂದು ಕೂಗಾಡಿದ. ಟ್ರಕ್ಕು ಹೋದದ್ದಕ್ಕಲ್ಲ. "ಊರಿಗೆಲ್ಲ ಕಾರ್ಡು ಕೊಟ್ಟಿದ್ದೀರಿ, ನನಗ್ಯಾಕೆ ಕೊಟ್ಟಿಲ್ಲ?" ಎಂದು.

ಸರ್ವರ್ ಕೋಣೆಯಲ್ಲಿ ಧೂಳಿರಬಾರದು. ಪಶ್ಚಿಮ ಕೋಣೆಯನ್ನು ಗುಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ಚಳಿಗಾಲ ಬಿಳಿ ಧೂಳು ನಾಲ್ಕಡಿ ಬಿತ್ತು. ನಾನು ಸಲಿಕೆಯಲ್ಲಿ ಎತ್ತಿ ಹೊರಗೆ ಹಾಕಿದೆ. ದಾಖಲೆ ವಿಭಾಗದ ಮಾರ್ವಾ ಡೂಲಿ ದಿನಾ ಬೆಳಿಗ್ಗೆ ಬಂದು ಕೋಣೆಯ ನಡುವೆ ನಿಂತು ಉಷ್ಣತೆ ಬರೆದುಕೊಳ್ಳುತ್ತಿದ್ದಳು. ನಕ್ಷೆಯ ಪ್ರಕಾರ ಹಿತವಾದ ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್. ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತಿದ್ದುದರಿಂದ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದಳು.

ಇಷ್ಟೆಲ್ಲ ಸಂಭ್ರಮದಲ್ಲಿ ಬೇಸರಪಟ್ಟುಕೊಂಡವಳು ಆರ್ಡಿಸ್ ಒಬ್ಬಳೇ. ಅವಳ ಯಂತ್ರ ಇಂದಿನ ನಕ್ಷೆಯಲ್ಲಿರಲಿಲ್ಲ. ಜನವರಿ ಹದಿನೈದಕ್ಕೆ ಪ್ಲಗ್ಗು ಕೀಳುತ್ತಾರೆ, ಕಿತ್ತರೆ ನಾನೂರ ಹನ್ನೆರಡು ಮನೆ ತಣ್ಣಗಾಗುತ್ತವೆ. ಅವಳಿಗೆ ಬೇಕಿದ್ದದ್ದು ಹೆಚ್ಚೇನಲ್ಲ, ನೀಲಿ ನಕ್ಷೆಯ ಯಾವುದಾದರೂ ಮೂಲೆಯಲ್ಲಿ ಒಂದು ಚೌಕ. ನವೆಂಬರಿನಲ್ಲಿ ಅರ್ಜಿ ಹಿಡಿದು ಮಾರ್ವಾಳ ಮೇಜಿಗೆ ಹೋದಳು. ಇಬ್ಬರೂ ಶಾಲೆಯಿಂದ ಗೆಳತಿಯರು. ನಾನು ಪಕ್ಕದಲ್ಲೇ ರೇಡಿಯೇಟರ್ ಬಿಚ್ಚುತ್ತಿದ್ದೆ.

"ಅಂಚೆಚೀಟಿಯಷ್ಟಿದ್ರೆ ಸಾಕು ಕಣೇ," ಅಂದಳು ಆರ್ಡಿಸ್. "ಬಣ್ಣಾನೂ ಬೇಡ."

ಮಾರ್ವಾ ಅರ್ಜಿ ತಿರುಗಿಸಿದಳು. "ನಕ್ಷೆಯಲ್ಲಿ ಯಂತ್ರದ ಸಂಖ್ಯೆ ಅನ್ನೋ ಕಡೆ ಖಾಲಿ ಬಿಟ್ಟಿದ್ದೀಯ."

"ನಕ್ಷೆಯಲ್ಲಿ ಇಲ್ಲ ಅಂತ ತಾನೆ ಅರ್ಜಿ ಕೊಡ್ತಿರೋದು?"

"ಸಂಖ್ಯೆ ಇಲ್ಲದೆ ಅರ್ಜಿ ತಗೊಳ್ಳೋಕಾಗಲ್ಲ. ಸಂಖ್ಯೆ ಇದ್ರೆ ಅರ್ಜಿ ಬೇಕಾಗಲ್ಲ. ಎಷ್ಟು ಸಲೀಸು ಮಾಡಿದ್ದಾರೆ ನೋಡು." ಆಮೇಲೆ ಮಾರ್ವಾ ದನಿ ಮೆತ್ತಗೆ ಮಾಡಿದಳು. "ನೀನ್ಯಾಕೆ ಇಷ್ಟು ಹಾರಾಡ್ತೀಯ? ನಿನ್ನ ಯಂತ್ರ ಮಂಜೂರಾಗಿದೆ. ಇನ್ನೊಂದು ನಕ್ಷೆಯಲ್ಲಿ ಎಷ್ಟು ದೊಡ್ಡದಾಗಿ ಬರೆದಿದ್ದಾರೆ! ಮೂರು ವರ್ಷ ತಾಳ್ಮೆಯಿಂದಿರು, ಬಂದುಬಿಡುತ್ತೆ."

"ಅದು ಬಂದು ಇಪ್ಪತ್ತೇಳು ವರ್ಷ ಆಯ್ತಲ್ಲೇ!"

"ಕೂಗಬೇಡ. ಇನ್ನೊಂದು ವಿಷಯ ಹೇಳಬೇಕಿತ್ತು, ಹೆಂಗೆ ಹೇಳೋದೋ ಗೊತ್ತಾಗ್ತಿಲ್ಲ. ಆ ಯಂತ್ರ ನಡೆಸೋ ಹುದ್ದೆನೂ ಮೂರು ವರ್ಷ ಆದ್ಮೇಲೇ ಸೃಷ್ಟಿ ಆಗೋದು. ಅಂದ್ರೆ, ನೀನು ಇನ್ನೂ ಕೆಲಸಕ್ಕೆ ಸೇರಿಲ್ಲ."

"ಮೂವತ್ತೊಂದು ವರ್ಷದಿಂದ ಇದೇ ಕಚೇರೀಲಿ ಕೂತಿದ್ದೀನಿ ಮಾರ್ವಾ!"

"ಕೂತಿದ್ದೀಯ. ಸೇರಿಲ್ಲ."

ಆರ್ಡಿಸ್ ನನ್ನ ಕಡೆ ತಿರುಗಿದಳು. ನಾನು ರೇಡಿಯೇಟರಿನೊಳಗೆ ತಲೆ ಹಾಕಿದೆ.

ಅವಳ ಕೊರಳಿನ ಗುರುತುಚೀಟಿಯನ್ನು ವಾಪಸು ಪಡೆದು "ಸಂದರ್ಶಕರು" ಎಂಬ ಚೀಟಿ ಕೊಡಲಾಯಿತು. ಅವಳು ಎಂದಿನಂತೆ ಏಳು ಗಂಟೆಗೆ ಬಂದು, ಸಂದರ್ಶಕರ ಪುಸ್ತಕದಲ್ಲಿ ಸಹಿ ಮಾಡಿ, "ಭೇಟಿಯ ಉದ್ದೇಶ" ಎಂಬಲ್ಲಿ "ಊರಿಗೆ ಹಬೆ" ಎಂದು ಬರೆದು ನೆಲಮಾಳಿಗೆಗೆ ಇಳಿಯುತ್ತಿದ್ದಳು. ಡಿಸೆಂಬರಿನ ಸಭೆಯಲ್ಲಿ ಎದ್ದು ನಿಂತು ಲೈಲ್ ಅವರನ್ನೇ ಕೇಳಿದಳು.

"ಅಧ್ಯಕ್ಷರೇ, ನನ್ನ ಯಂತ್ರ ಇವತ್ತು ಇಲ್ಲ ಅಂದ್ರೆ ನಿಮ್ಮ ಮನೆ ಬೆಚ್ಚಗಿರೋದು ಹೆಂಗೆ?"

"ಹದಿನಾಲ್ಕು ಸಾಲು ಯಂತ್ರ ಇದೆಯಲ್ಲಮ್ಮ."

"ಎಲ್ಲಿ?"

ಲೈಲ್ ಗೋಡೆಯ ಮೇಲಿನ ನಕ್ಷೆ ತೋರಿಸಿದರು. "ಕಣ್ಣು ಕಾಣ್ಸಲ್ವಾ?" ಸಭೆ ನಕ್ಕಿತು. ನಾನೂ ನಕ್ಕೆ, ಹಿಂದಿನ ಸಾಲಿನಲ್ಲಿದ್ದೆ, ಎಲ್ಲರೂ ನಗುತ್ತಿದ್ದರು.

ಜನವರಿ ಹದಿನೈದು, ಗುರುವಾರ. ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ. ಪ್ಲಗ್ಗು ಕೀಳುವ ಆದೇಶ ನನ್ನ ಹೆಸರಿಗಿತ್ತು, ಪೈಪಿನವನಿಗೆ ಬಗ್ಗುವ ಅಭ್ಯಾಸವಿರುತ್ತದೆ ಎಂಬ ಕಾರಣಕ್ಕೆ. ಮಾರ್ವಾ ಸಾಕ್ಷಿ. ಆರ್ಡಿಸ್ ಕುರ್ಚಿಯಿಂದ ಏಳಲಿಲ್ಲ.

"ಕೀಳ್ತೀಯೇನೋ ವರ್ನ್?"

"ಆದೇಶ ಇದೆ."

"ನಿನ್ನ ಮನೆಗೂ ಇದರದ್ದೇ ಹಬೆ ಕಣೋ."

"ಗೊತ್ತು."

"ಗೊತ್ತಿದ್ದೂ ಕೀಳ್ತೀಯ?"

"ಆದೇಶದಲ್ಲಿ ನನಗೇನು ಗೊತ್ತು ಅಂತ ಕೇಳಿಲ್ಲ," ಎಂದು ಹೇಳಿ ಕಿತ್ತೆ. ಯಂತ್ರ ಒಂದು ಸಲ ಮುಲುಗಿ ಸುಮ್ಮನಾಯಿತು. ಅದು ಸುಮ್ಮನಾದದ್ದನ್ನು ನಮ್ಮಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರೇಡಿಯೇಟರುಗಳು ಟಣ್ ಟಣ್ ಎಂದು ಹೊಡೆದುಕೊಂಡು ಒಂದೊಂದಾಗಿ ತಣ್ಣಗಾದವು. ಬೇಕರಿಯಲ್ಲಿ ಹಿಟ್ಟು ಉಬ್ಬಲಿಲ್ಲ. ಚರ್ಚಿನಲ್ಲಿ ತೀರ್ಥದ ಬಟ್ಟಲ ನೀರಿನ ಮೇಲೆ ಪಾದ್ರಿ ಬೆರಳಿಂದ ತಟ್ಟಿ ನೋಡಿದರು, ಸದ್ದು ಬಂತು. ಎರಡು ಗಂಟೆಗೆ ಮಂಡಳಿ ತುರ್ತಾಗಿ ಸೇರಿತು, ಎಲ್ಲರೂ ಕೋಟು, ಟೋಪಿ, ಕೈಗವಸಿನ ಸಮೇತ. ವಿನ್‌ಸ್ಲೊ ಮಿನಿಯಾಪೊಲಿಸ್‌ನಿಂದಲೇ ಗೋಡೆಯ ಪರದೆಯ ಮೇಲೆ ಬಂದರು, ಅರ್ಧ ತೋಳಿನ ಅಂಗಿಯಲ್ಲಿ.

"ನಕ್ಷೆ ನನ್ನ ಮುಂದೇ ಇದೆ ಸರ್," ಅಂದರು. "ಇದರ ಪ್ರಕಾರ ಹಬೆ ಚೆನ್ನಾಗಿ ಬರ್ತಿದೆ."

"ಬರ್ತಿದೆ," ಅಂದಳು ಆರ್ಡಿಸ್ ಸಂದರ್ಶಕರ ಬೆಂಚಿನಿಂದ. "ಅಧ್ಯಕ್ಷರ ಬಾಯಿಂದ ಬರ್ತಿದೆ ನೋಡಿ."

ನಿಜಕ್ಕೂ ಬರುತ್ತಿತ್ತು. ಲೈಲ್ ಬಾಯಿ ಮುಚ್ಚಿಕೊಂಡು ಮೂಗಿನಿಂದ ಮಾತಾಡಲು ನೋಡಿದರು, ಅಲ್ಲಿಂದಲೂ ಬಂತು. "ವಿನ್‌ಸ್ಲೊ ಅವರೇ, ನನ್ನ ಹೆಂಡತಿ ನಾಯಿ ತಬ್ಬಿಕೊಂಡು ಮಲಗಿದ್ದಾಳೆ. ಏನಾದ್ರೂ ಮಾಡಿ. ಆದ್ರೆ ತಲೆಬರಹ ಮುಟ್ಟಬೇಡಿ, ವಿಮೆಯವರಿಗೆ ಕಳಿಸಿ ಆಗಿದೆ."

"ಆರ್ಡಿಸ್‌ಗೆ ಒಂದು ಚೌಕ ಕೊಟ್ಟುಬಿಡೋಣ," ಅಂದಳು ಮಾರ್ವಾ. ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

"ಆಗಲ್ಲ," ಅಂದರು ವಿನ್‌ಸ್ಲೊ. "ಇಂದಿನ ಸ್ಥಿತಿಗೆ ಭವಿಷ್ಯದ ಯಂತ್ರ ಸೇರಿಸಿದ್ರೆ ನಕ್ಷೆ ಸುಳ್ಳಾಗುತ್ತೆ. ಸುಳ್ಳು ದಾಖಲೆಗೆ ನಾನು ಸಹಿ ಹಾಕಲ್ಲ." ಅವರು ಎದುರಿಗಿದ್ದ ತಣ್ಣನೆಯ ಪಾನಕ ಹೀರಿದರು. "ಆದ್ರೆ ಒಂದು ದಾರಿ ಇದೆ. ಭವಿಷ್ಯವನ್ನ ಪೂರ್ತಿ ತರೋಕಾಗಲ್ಲ, ಪ್ರಾಯೋಗಿಕವಾಗಿ ತರಬಹುದು. ಪ್ರಾಯೋಗಿಕ ಯೋಜನೆ ಅಂದ್ರೆ ನಮ್ಮ ವೃತ್ತಿಯಲ್ಲಿ ಯಾವ ನಕ್ಷೆನೂ ಬೇಕಾಗಲ್ಲ, ಯಾರೂ ಏನೂ ಕೇಳಲ್ಲ."

ಲೈಲ್ ಎದ್ದು ನಿಂತರು. "ಅಂದ್ರೆ ಮೂರು ವರ್ಷದ ನಂತರದ ತಂತ್ರಜ್ಞಾನ ನಮ್ಮೂರಿಗೆ ಇವತ್ತೇ?"

"ಇವತ್ತೇ ಸರ್."

"ಯಂತ್ರ ಎಲ್ಲಿ ಸಿಗುತ್ತೆ?"

"ಮೆಟ್ಟಿಲ ಕೆಳಗೆ," ಅಂದಳು ಆರ್ಡಿಸ್.

ಠರಾವು ನಲವತ್ತನಾಲ್ಕು ಕೈಗವಸಿನ ಚಪ್ಪಾಳೆಯ ನಡುವೆ ಪಾಸಾಯಿತು. ಪ್ಲಗ್ಗು ಹಾಕುವ ಆದೇಶವೂ ನನ್ನ ಹೆಸರಿಗೇ ಬಂತು. ಮೂರು ಇಪ್ಪತ್ತಕ್ಕೆ ಹಾಕಿದೆ. ಆರ್ಡಿಸ್ ಹದಿನೇಳು ತಂತಿಗಳನ್ನೂ ಒಂದೊಂದಾಗಿ ಒತ್ತಿ ನೋಡಿ, ಯಂತ್ರದ ಬಲಪಕ್ಕೆಗೆ ಅಂಗೈಯಿಂದ ಎರಡು ಏಟು ಕೊಟ್ಟಳು. ನಾಲ್ಕರ ಹೊತ್ತಿಗೆ ಊರಿನ ರೇಡಿಯೇಟರುಗಳು ಮತ್ತೆ ಟಣ್ ಅಂದವು. ಜನ ಬೀದಿಗೆ ಬಂದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಭವಿಷ್ಯ ಇಷ್ಟು ಬೆಚ್ಚಗಿರುತ್ತದೆಂದು ನಮಗೆ ಗೊತ್ತೇ ಇರಲಿಲ್ಲ ಎಂದು ಬೇಕರಿಯವನು ಅತ್ತುಬಿಟ್ಟ.

ಆರ್ಡಿಸ್‌ಗೆ "ಪ್ರಾಯೋಗಿಕ ಯೋಜನೆಯ ತರಬೇತಿ ಅಭ್ಯರ್ಥಿ" ಎಂಬ ಹೊಸ ಚೀಟಿ ಸಿಕ್ಕಿತು. ಚೆನ್ನಾಗಿ ಕಲಿತರೆ ಮೂರು ವರ್ಷದ ನಂತರ ಕೆಲಸ ಖಾಯಂ ಆಗಬಹುದು. ಆಗ ಅವಳಿಗೆ ಅರವತ್ತಾರು.

ಸುದ್ದಿ ಹಬ್ಬಿತು. ಫೆಬ್ರವರಿಯಲ್ಲಿ ಏಳು ಪಟ್ಟಣಗಳ ನಿಯೋಗಗಳು ಭವಿಷ್ಯ ನೋಡಲು ಬಂದವು. ಲೈಲ್ ಅವರೇ ತಗ್ಗು ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ವಿವರಿಸುತ್ತಿದ್ದರು: "ನೋಡಿ, ಎರಡು ಕೋಣೆ ಇಲ್ಲ. ಹದಿನಾಲ್ಕು ಸಾಲಿಲ್ಲ. ಮೋಡ ಇಲ್ಲ. ಒಂದು ಯಂತ್ರ, ಒಬ್ಬಳು ಹೆಂಗಸು. ಜಗತ್ತು ಹೋಗ್ತಿರೋದು ಈ ಕಡೆ." ಬಂದವರು ಬರೆದುಕೊಂಡರು. ಯಂತ್ರದ ಮೇಲಿನ ಕೈ ಮುರಿಯುವ ಚೀಟಿಯ ಫೋಟೊ ತೆಗೆದುಕೊಂಡು ಆರ್ಡಿಸಳನ್ನು "ಇದು ನಿಮ್ಮ ಭದ್ರತಾ ನೀತಿಯಾ?" ಎಂದು ಕೇಳಿದರು. ಅವಳು ಹೌದಂದಳು. ಒಂದು ಪಟ್ಟಣವಂತೂ ಎರಡೇ ವರ್ಷದ ಹಿಂದೆ ಕಟ್ಟಿದ ಸರ್ವರ್ ಕೋಣೆಯನ್ನು ಕೆಡವಿ ಮೆಟ್ಟಿಲು ಕಟ್ಟಿಸಿತು. ಹಳದಿಯಾದ ಕಂಪ್ಯೂಟರುಗಳಿಗೆ ಬೇಡಿಕೆ ಬಂದು, ಲೈಲ್ ತಮ್ಮ ಟ್ರಕ್ಕಿನ ಅಂಗಡಿಯ ಒಂದು ಭಾಗವನ್ನು ಅದಕ್ಕೇ ಬಿಟ್ಟುಕೊಟ್ಟರು. ಬಿಳಿ ಇದ್ದದ್ದನ್ನು ಚಹಾದ ನೀರಿನಲ್ಲಿ ಒರೆಸಿ ಮಾರುತ್ತಾರೆ ಎಂಬ ಮಾತಿದೆ. ನಾನು ಕಣ್ಣಾರೆ ಕಂಡಿದ್ದೇನೆ, ಆದರೆ ದಾಖಲಾಗಿಲ್ಲ, ಆದ್ದರಿಂದ ಮಾತಷ್ಟೇ.

ಪ್ರಾಯೋಗಿಕ ಯೋಜನೆಗೆ ಒಂದೇ ಒಂದು ಷರತ್ತಿತ್ತು. ಪ್ರಯೋಗ ಅಂದ ಮೇಲೆ ಹೋಲಿಕೆ ಬೇಕು. ಹಾಗಾಗಿ ಪ್ರತಿ ಸೋಮವಾರ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಆರ್ಡಿಸಳ ಯಂತ್ರವನ್ನು ನಿಲ್ಲಿಸಿ, ಊರನ್ನು ಇಂದಿನ ವ್ಯವಸ್ಥೆಯ, ಅಂದರೆ ನೀಲಿ ನಕ್ಷೆಯ, ಮೇಲೆ ನಡೆಸಬೇಕು. ಎರಡರಲ್ಲಿ ಯಾವುದು ಹೇಗಿದೆ ಎಂದು ಪ್ರತಿ ಮನೆಯವರೂ ಒಂದು ಕಾರ್ಡು ತುಂಬಬೇಕು. ಇಂದಿನದಕ್ಕೆ ಜನ "ಬಹಳ ಕೆಟ್ಟದಾಗಿದೆ" ಎಂದು ಬರೆದರೆ ಸಾಕು, ಠರಾವಿನ ಪ್ರಕಾರ ಇಂದಿನ ವ್ಯವಸ್ಥೆ ರದ್ದಾಗಿ ಮೆಟ್ಟಿಲಿನ ಯಂತ್ರಕ್ಕೆ ನಕ್ಷೆಯಲ್ಲಿ ಜಾಗ ಸಿಗುತ್ತದೆ. ಆ ಸಾಲನ್ನು ಹಟ ಹಿಡಿದು ಸೇರಿಸಿದವಳು ಆರ್ಡಿಸ್. ಅದನ್ನು ಸೇರಿಸಿದ ದಿನ ಅವಳು ನನಗೆ ಕಣ್ಣು ಹೊಡೆದಿದ್ದಳು.

ಮೊದಲ ಸೋಮವಾರ ಕಳೆದು ಕಾರ್ಡು ಎಣಿಸಿದರು. ಭವಿಷ್ಯದ ವ್ಯವಸ್ಥೆ: ನಾನೂರ ಹನ್ನೆರಡು ಮನೆಯವರೂ "ಪರವಾಗಿಲ್ಲ." ಇಂದಿನ ವ್ಯವಸ್ಥೆ: ನಾನೂರ ಹನ್ನೆರಡು ಮನೆಯವರೂ "ಪರವಾಗಿಲ್ಲ." ನಮ್ಮ ಊರಿನವರು ಹಾಗೆಯೇ. ಕಾಲು ಮುರಿದವನನ್ನು ಹೇಗಿದ್ದೀಯ ಎಂದರೂ ಪರವಾಗಿಲ್ಲ ಅನ್ನುತ್ತಾನೆ, ಮಗಳ ಮದುವೆ ಹೇಗಾಯಿತು ಎಂದರೂ ಪರವಾಗಿಲ್ಲ ಅನ್ನುತ್ತಾನೆ. ಎದುರಿಗಿರುವವರ ಮನಸ್ಸು ನೋಯಿಸುವಂಥದ್ದನ್ನು ನಾವು ಬರೆದು ಕೊಡುವುದಿಲ್ಲ. ಎರಡು ವ್ಯವಸ್ಥೆಗಳ ನಡುವೆ ವ್ಯತ್ಯಾಸ ಕಂಡುಬಂದಿಲ್ಲವೆಂದು ಮಂಡಳಿ ಘೋಷಿಸಿ, ಪ್ರಯೋಗವನ್ನು ಮುಂದುವರಿಸಿತು.

ಈಗ ಮಾರ್ಚಿ. ಎಂಟು ಸೋಮವಾರ ಆಗಿವೆ. ಭಾನುವಾರ ಸಂಜೆಯೇ ನೀರು ಹೆಪ್ಪುಗಟ್ಟದಂತೆ ಎಲ್ಲರೂ ನಲ್ಲಿ ಸಣ್ಣಗೆ ಬಿಟ್ಟಿರುತ್ತೇವೆ. ಮೊನ್ನೆ ಸೋಮವಾರ ನಾನು ಆರ್ಡಿಸ್ ಮನೆಗೆ ಹೋದೆ. ಅಡಿಗೆಮನೆಯಲ್ಲಿ ಎರಡು ಕೋಟು ಹಾಕಿ, ಕಾಫಿಯ ಲೋಟವನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಮೇಜಿನ ಮೇಲೆ ತುಂಬಿದ ಕಾರ್ಡಿತ್ತು.

"ನೀನಾದ್ರೂ ಸರಿಯಾಗಿ ಬರೆದ್ಯಾ?" ಅಂದೆ.

"ಏನಂತ?"

"ಬಹಳ ಕೆಟ್ಟದಾಗಿದೆ ಅಂತ. ಒಬ್ಬರು ಶುರು ಮಾಡಿದ್ರೆ ಉಳಿದವರೂ ಬರೀತಾರೆ. ನಿನ್ನ ಯಂತ್ರ ಆರ್ಡಿಸ್!"

ಅವಳು ಕಾರ್ಡನ್ನು ಮಗುಚಿ ಹಾಕಿದಳು. "ಬರೀಬೇಕು ಅಂತಲೇ ಕೂತೆ ಕಣೋ. ಅಷ್ಟರಲ್ಲಿ ಕಿಟಕಿಯಿಂದ ನೋಡ್ತೀನಿ, ಮಾರ್ವಾ ಕಾರ್ಡು ಇಸ್ಕೊಳ್ಳೋಕೆ ಮನೆಮನೆಗೂ ಹತ್ತಿ ಇಳೀತಿದ್ದಾಳೆ. ಮೂಗೆಲ್ಲ ಕೆಂಪು. ಪಾಪ, ಇಷ್ಟು ಚಳೀಲಿ ಬಂದವಳ ಕೈಗೆ ಅಂಥಾ ಮಾತು ಬರೆದು ಕೊಡೋದು ಚೆನ್ನಾಗಿರುತ್ತಾ?"

ಬಾಗಿಲು ಬಡಿದ ಸದ್ದಾಯಿತು. ಮಾರ್ವಾ ಒಳಗೆ ಬಂದು ಬೂಟಿನ ಹಿಮ ಕೊಡವಿದಳು. "ವರ್ನ್, ನೀನೂ ಇಲ್ಲೇ ಇದ್ದೀಯ? ಒಳ್ಳೇದಾಯ್ತು, ನಿಮ್ಮನೆ ಬೆಟ್ಟ ಹತ್ತೋದು ತಪ್ತು. ಕಾರ್ಡು ಕೊಡು."

ನನ್ನ ಕಾರ್ಡು ಜೇಬಿನಲ್ಲಿ ಖಾಲಿ ಇತ್ತು. ಮಾರ್ವಾ ತನ್ನ ಪೆನ್ಸಿಲ್ಲನ್ನು ಬಾಯಿಂದ ಊದಿ ಬೆಚ್ಚಗೆ ಮಾಡಿ ನನಗೆ ಕೊಟ್ಟಳು. ನಾನು ಅವಳ ಮೂಗು ನೋಡಿದೆ. ಕಾರ್ಡನ್ನು ಮೇಜಿನ ಮೇಲಿಟ್ಟು, ಬೆರಳು ಬಗ್ಗದ್ದರಿಂದ ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿದು, ಪರವಾಗಿಲ್ಲ ಎಂದು ಬರೆದು ಸಹಿ ಹಾಕಿದೆ.

"ಥ್ಯಾಂಕ್ಸಪ್ಪಾ," ಅಂದಳು ಮಾರ್ವಾ. "ನಿಮ್ಮಂಥೋರಿಂದಲೇ ಕೆಲಸ ಸಲೀಸು."